ಎರಡೂ ಕಡೆ ವಾದಿಸಬಲ್ಲ ಟೈಲರ್ ಭುಜಂಗ

ನನ್ನ ಅಣ್ಣ ಭುಜಂಗ ಬೋವಿಕಾನದ ಪೇಟೆಯಲ್ಲಿ ಟೈಲರ್ ಆಗಿದ್ದ. ಪೇಟೆ ಎಂದರೆ ಆಗ ದೊಡ್ಡದೇನಲ್ಲ. ಒಂದು ಚಾ ಹೋಟೆಲು, ಒಂದು ಜಿನಸಿನ ಅಂಗಡಿ, ಬೀಡಿ ಕಟ್ಟುವವರ ಜಗಲಿ, ಅದರ ಪಕ್ಕದಲ್ಲಿ ನಮ್ಮ ಹೊಲಿಗೆ ಮೆಷಿನು. ಅಂಗಡಿಯ ಹಿಂದಿನ ಎರಡು ಕೋಣೆಯೇ ನಮ್ಮ ಮನೆ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ನಾನೂ ನನ್ನ ಮಗಳೂ ಅಣ್ಣನ ಜೊತೆಗಿದ್ದೆವು. ನಮ್ಮ ತುಳುವರ ಮನೆಗಳಲ್ಲಿ ತಂಗಿಯ ಸಂಸಾರವನ್ನು ಅಣ್ಣ ನೋಡಿಕೊಳ್ಳುವುದು ಹೊಸತಲ್ಲ. ಅವನು ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ನನ್ನ ಕಡೆ ಕೈ ತೋರಿಸಿ, "ಎದುರು ಮಾತಾಡಲಿಕ್ಕೆ ಈ ಜಲಜಾಕ್ಷಿ ಒಬ್ಬಳು ಸಾಲದಾ?" ಎನ್ನುತ್ತಿದ್ದ. ಅವನು ಕತ್ತರಿಸಿ ಹೊಲಿಯುತ್ತಿದ್ದ, ನಾನು ಕಾಜ ತೆಗೆದು ಬಟನು ಹಾಕುತ್ತಿದ್ದೆ.

ಊರಿಗೆ ಅವನ ಹೊಲಿಗೆಗಿಂತ ಅವನ ಬಾಯಿಯೇ ಹೆಚ್ಚು ಗೊತ್ತು. ನಮ್ಮಲ್ಲಿ ತಾಳಮದ್ದಳೆ ಉಂಟಲ್ಲ, ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಹಾಡಿ ನಿಲ್ಲಿಸಿದರೆ ಎದುರೆದುರು ಕೂತವರು ಆ ಪಾತ್ರವೇ ತಾವಾಗಿ ವಾದ ಮಾಡುವುದು. ಬರೆದು ಕೊಟ್ಟ ಮಾತಲ್ಲ, ಆ ಹೊತ್ತಿಗೆ ಹುಟ್ಟಿದ್ದು. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಅದರಲ್ಲಿ ಒಂದು ಕಟ್ಟುಪಾಡು ಉಂಟು. ಇವತ್ತು ಒಳ್ಳೆಯವನ ಪಾತ್ರ ಸಿಕ್ಕೀತು, ನಾಳೆ ದುಷ್ಟನದ್ದು. ಯಾವುದು ಸಿಕ್ಕಿದರೂ ಅದರ ಪರವಾಗಿ ಪ್ರಾಣ ಕೊಟ್ಟು ವಾದಿಸಬೇಕು. ಅರೆಮನಸ್ಸಿನಲ್ಲಿ ವಾದಿಸಿದರೆ ಎದುರು ಕೂತವನಿಗೆ ಅವಮಾನ. ಮುಗಿದ ಮೇಲೆ ಇಬ್ಬರೂ ಒಂದೇ ಹರಿವಾಣದಿಂದ ಎಲೆಅಡಿಕೆ ತೆಗೆದುಕೊಂಡು ನಗುತ್ತಾ ಏಳುತ್ತಾರೆ. ಅಣ್ಣನಿಗೆ ಅದೇ ಹುಚ್ಚು. ಅಳತೆ ಕೊಡಲು ಬಂದವರನ್ನು ಟೇಪು ಸುತ್ತಿ ನಿಲ್ಲಿಸಿಕೊಂಡು ಸ್ವರ್ಗ ನರಕದ ವಿಚಾರ ಶುರು ಮಾಡುತ್ತಿದ್ದ. ಒಮ್ಮೆ ಮಾತಿನ ಭರದಲ್ಲಿ ಮದುಮಗನ ಕೋಟಿಗೆ ಒಂದು ತೋಳು ಗಿಡ್ಡ ಇಟ್ಟಿದ್ದ, ಆ ಮದುಮಗ ಧಾರೆ ಮುಗಿಯುವವರೆಗೂ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ನಿಂತಿದ್ದ. "ಬಾಯಿ ಹೊಲಿಯುವ ನೂಲು ಇದ್ದರೆ ಮೊದಲು ನಿನಗೆ ಹಾಕುತ್ತಿದ್ದೆ," ಎಂದು ನಾನು ಬೈದಿದ್ದೆ. ಅವನು ನಕ್ಕಿದ್ದ.

ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು. ಅಕ್ಕಿ ರೇಷನ್ನಿನಲ್ಲಿ, ಸೀಮೆಎಣ್ಣೆ ರೇಷನ್ನಿನಲ್ಲಿ, ಮಾತು ಕೂಡ ಹಾಗೆಯೇ ಆಯಿತು. ಕೆಂಪು ಬಾವುಟದವರ ಪಕ್ಷವನ್ನು ಮದರಾಸಿನ ಸರಕಾರ ನಿಷೇಧಿಸಿತ್ತು. ಯಾರ ಮೇಲೆ ಸಂಶಯ ಬಂದರೂ ವಿಚಾರಣೆಯಿಲ್ಲದೆ ದೂರದ ಜೈಲಿಗೆ ಕಳಿಸಬಹುದಿತ್ತು. ಪೇಟೆಯ ಕೊನೆಯ ಅಡಿಕೆ ಗೋಡೌನಿನಲ್ಲಿ ರಿಸರ್ವ್ ಪೊಲೀಸರ ಕ್ಯಾಂಪು ಬಂತು. ಕತ್ತಲಾದ ಮೇಲೆ ರಸ್ತೆಯಲ್ಲಿ ನಡೆಯಬಾರದು. ಜನ ಕೂಡುವುದಕ್ಕೆ ಅಪ್ಪಣೆ ಬೇಕು, ಭಜನೆಗೂ ಬೇಕು. ಚಾ ಹೋಟೆಲಿನವರು "ಇಲ್ಲಿ ರಾಜಕೀಯ ಮಾತಾಡಬಾರದು" ಎಂದು ಹಲಗೆ ತೂಗುಹಾಕಿದರು. ಆಮೇಲೆ ಜನ ಮಳೆಯ ವಿಷಯ ಮಾತಾಡುವಾಗಲೂ ಅತ್ತ ಇತ್ತ ನೋಡಿಕೊಳ್ಳುತ್ತಿದ್ದರು.

ಹೆದರಿಕೆ ಪೊಲೀಸರದ್ದು ಮಾತ್ರವಾಗಿದ್ದರೆ ಬೈದು ಸುಮ್ಮನಿರಬಹುದಿತ್ತು. ಹೊಳೆಯಾಚೆ ಧಣಿಯೊಬ್ಬರ ಭತ್ತದ ಗಾಡಿಯನ್ನು ಗುಂಪೊಂದು ತಡೆದು, ಗಾಡಿ ಹೊಡೆಯುತ್ತಿದ್ದವನನ್ನು ಚೂರಿಯಿಂದ ತಿವಿದು ಕೊಂದಿತ್ತು. ಹಿಂದಿನ ದಿನ ಅಲ್ಲಿ ಯಾರೋ ಗುಟ್ಟಿನಲ್ಲಿ ಭಾಷಣ ಮಾಡಿದ್ದರಂತೆ. ಸತ್ತವನ ಹೆಂಡತಿ ನಮ್ಮಲ್ಲಿ ರವಕೆ ಹೊಲಿಸಿದವಳು. ಅವಳ ಮುಖ ನೆನಪಾದರೆ ಪೊಲೀಸರು ಬೇಡ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಬೂಟಿನ ಸದ್ದು ಕೇಳಿದರೆ ಬೇಕು ಎನ್ನಲೂ ಬರುತ್ತಿರಲಿಲ್ಲ. ಮಗಳನ್ನು ಸೆರಗಿಗೆ ಕಟ್ಟಿಕೊಂಡ ಹಾಗೆ ಇಟ್ಟುಕೊಂಡು ದಿನ ಕಳೆಯುತ್ತಿದ್ದೆ.

ಇಂಥ ಕಾಲದಲ್ಲಿ ಭಜನಾ ಮಂದಿರದವರಿಗೆ ತಾಳಮದ್ದಳೆ ಬೇಕಾಯಿತು! ಅಪ್ಪಣೆ ಸಿಕ್ಕಿತು, ಹೊತ್ತು ಮುಳುಗುವ ಮೊದಲು ಮುಗಿಸಬೇಕು, ಪೊಲೀಸರೊಬ್ಬರು ಕೂತು ಬರೆದುಕೊಳ್ಳುತ್ತಾರೆ ಎಂಬ ಷರತ್ತಿನ ಮೇಲೆ. ಅಂದಿನ ಪ್ರಸಂಗ ಸಂಧಾನದ್ದು. ಕಾಡಿನಿಂದ ಮರಳಿದವರ ಪರವಾಗಿ ದೂತನೊಬ್ಬ ಅರಸನ ಸಭೆಗೆ ಬಂದು, ಅವರ ಪಾಲಿನ ನೆಲ ಕೊಡು ಎಂದು ಕೇಳುವ ಕಥೆ. ಅರಸನ ಅರ್ಥಕ್ಕೆ ಕೂತವರು ಹರಿನಾಥಯ್ಯ. ಕಾರಡ್ಕದ ಕಡೆ ಅರ್ಧ ಗದ್ದೆ ಅವರದ್ದೇ, ಊರಿಗೆಲ್ಲ ಧಣಿ. ಮಂದಿರಕ್ಕೆ ಹಂಚು ಹಾಕಿಸಿಕೊಟ್ಟವರು ಅವರಾದ್ದರಿಂದ ಬೇಕಾದ ಪಾತ್ರ ಅವರಿಗೇ. ದೂತನ ಅರ್ಥ ನಮ್ಮ ಅಣ್ಣನದ್ದು.

ನೋಡಿ, ಇದು ನಮ್ಮವರು ಮಾತ್ರ ಮಾಡಬಹುದಾದ ತಪ್ಪು. ನೆಲ ಕೇಳಿದವರನ್ನೆಲ್ಲ ಹಿಡಿಯುವ ವರ್ಷದಲ್ಲಿ, ನಿಜವಾದ ಧಣಿಯನ್ನು ಅರಸನಾಗಿ ಕೂರಿಸಿ, ಅವರ ಒಕ್ಕಲುಗಳನ್ನೆಲ್ಲ ಎದುರಿಗೆ ಕೂರಿಸಿ, ಟೈಲರನ ಕೈಯಲ್ಲಿ ನೆಲ ಕೇಳಿಸಿದರು. ಒಬ್ಬರಿಗೂ ಇದು ಹೊಳೆಯಲಿಲ್ಲ. ಪ್ರಸಂಗ ಪ್ರಸಂಗವೇ, ಅದರಲ್ಲಿ ಎಂತ ಉಂಟು ಎಂಬ ಧೈರ್ಯ.

ಮೊದಲು ಎಲ್ಲ ಸರಿಯಾಗಿತ್ತು. ಆಮೇಲೆ ಹರಿನಾಥಯ್ಯ, "ನೆಲ ಬೇಡಿ ಪಡೆಯುವ ವಸ್ತುವಲ್ಲ ದೂತ," ಎಂದರು. ಅಣ್ಣನ ಕಣ್ಣು ಬೆಳಗಿತು.

"ಬೇಡುವುದು ನಿಲ್ಲಿಸಿದೆವು ಅರಸ," ಎಂದ. "ನಿನ್ನ ಪತ್ತಾಯದ ಭತ್ತವನ್ನು ಒಮ್ಮೆ ನಾಲಗೆಯ ಮೇಲೆ ಇಟ್ಟು ನೋಡು, ಉಪ್ಪಾಗಿದೆ. ಅದು ಯಾರ ಬೆವರು ಎಂದು ನಿನಗೆ ಗೊತ್ತು. ಕೊಟ್ಟರೆ ಕೈಮುಗಿದು ಒಯ್ಯುತ್ತಾರೆ. ಕೊಡದಿದ್ದರೆ ಅವರೇ ಬಂದು ಅಳೆದುಕೊಂಡು ಹೋಗುತ್ತಾರೆ!"

"ಭಲೇ ಭುಜಂಗಣ್ಣ!" ಎಂದು ಹಿಂದಿನಿಂದ ಒಂದು ಕೂಗು ಬಂತು. ಕೂಸಪ್ಪ. ಹರಿನಾಥಯ್ಯನವರ ಒಕ್ಕಲು, ಅಣ್ಣನ ಮಾತೆಂದರೆ ಊಟ ಬಿಡುವವನು. ಅವನ ಜೊತೆಗೆ ಎಲ್ಲರೂ ಚಪ್ಪಾಳೆ ಹೊಡೆದರು. ಕಂಬಕ್ಕೊರಗಿ ಕೂತ ಪೊಲೀಸಿನವ ತಮಿಳು ಕಡೆಯವ, ಪಕ್ಕದವನಲ್ಲಿ ಮಲಯಾಳದಲ್ಲಿ ಕೇಳಿ ಕೇಳಿ ಬರೆಯುತ್ತಿದ್ದ. ಚಪ್ಪಾಳೆ ಬಿದ್ದಾಗ ತಲೆಯೆತ್ತಿ ಕೂಸಪ್ಪನನ್ನು ನೋಡಿದ. ಹರಿನಾಥಯ್ಯನವರಿಗೆ ಮುಂದೆ ಮಾತು ಹೊರಡಲಿಲ್ಲ. ಮುಗಿದ ಮೇಲೆ ಹರಿವಾಣದಿಂದ ಎಲೆ ತೆಗೆದುಕೊಂಡರು, ನಗಲಿಲ್ಲ.

ದಾರಿಯಲ್ಲಿ ನಾನು, "ಪತ್ತಾಯದ ಮಾತು ಯಾಕೆ ಬೇಕಿತ್ತು ನಿನಗೆ? ಅರಸರ ಮನೆಯಲ್ಲಿ ಪತ್ತಾಯ ಇರುತ್ತದಾ? ಭತ್ತದ ಆ ಮರದ ಕಣಜ ಇರುವುದು ಧಣಿಗಳ ಮನೆಯಲ್ಲಿ ಅಲ್ಲವಾ?" ಎಂದು ಕೇಳಿದೆ.

"ಬಾಯಿಗೆ ಬಂತು ಮಾರಾಯ್ತಿ," ಎಂದ. ಆದರೆ ಅವನ ಕಿವಿ ಕೆಂಪಾಗಿತ್ತು. ಅದು ಪೂರ್ತಿ ಪಾತ್ರದ ಮಾತಲ್ಲ, ಅವನೊಳಗಿನದ್ದೂ ಸ್ವಲ್ಪ ಸೇರಿತ್ತು ಎಂದು ನನಗೆ ಗೊತ್ತು. ಅವನಿಗೂ ಗೊತ್ತು. ಅದೇ ನಮ್ಮ ಹೆದರಿಕೆ.

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆದರೆ ಹೊಲಿಸಲು ಕೊಟ್ಟ ಬಟ್ಟೆಯನ್ನು ಒಬ್ಬೊಬ್ಬರಾಗಿ ವಾಪಸು ಕೇಳತೊಡಗಿದರು. "ಈಗ ಅವಸರ ಇಲ್ಲ, ಆಮೇಲೆ ನೋಡುವ," ಎನ್ನುತ್ತಾ, ಅಣ್ಣನ ಮುಖ ನೋಡದೆ, ಕತ್ತರಿಸದ ತುಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ನಾಯಿ ಬೊಗಳಿದರೆ ನಾನು ಎದ್ದು ಕೂರುತ್ತಿದ್ದೆ. ಅಣ್ಣ ಮೆಷಿನು ತುಳಿಯುವುದನ್ನು ನಡುವೆ ನಿಲ್ಲಿಸಿ ಕಿವಿಗೊಡುತ್ತಿದ್ದ.

ಆ ವಾರದ ಕೊನೆಗೆ ಕೂಸಪ್ಪ ಬಂದ. ಎಲ್ಲರೂ ಬಟ್ಟೆ ಒಯ್ಯುತ್ತಿದ್ದರೆ ಈ ಪುಣ್ಯಾತ್ಮ ಹೊಸ ಅಂಗಿ ಹೊಲಿಸಲು ಬಂದದ್ದು! ಅಳತೆ ಕೊಟ್ಟವನು ಹೋಗಲಿಲ್ಲ. ದೂತನಿಗೆ ಒಬ್ಬ ಸಾರಥಿ ಇರಬೇಕಲ್ಲ, ಆ ಸಣ್ಣ ಅರ್ಥವನ್ನು ತನಗೆ ಕಲಿಸಿಕೊಡಿ ಎಂದು ಕೂತ. ಕೂತವರಿಗೆ ಹೊತ್ತು ಮುಳುಗಿದ್ದು ತಿಳಿಯಲಿಲ್ಲ. ಕತ್ತಲಾದ ಮೇಲೆ ರಸ್ತೆಗಿಳಿದರೆ ಹಿಡಿಯುತ್ತಾರೆ. ನಾನು ಗೊಣಗಿಕೊಂಡೇ ಗಂಜಿ ಬಡಿಸಿದೆ, ಜಗಲಿಯಲ್ಲಿ ಚಾಪೆ ಹಾಸಿಕೊಟ್ಟೆ. ಬೆಳಿಗ್ಗೆ ಮುಖ ತೊಳೆದು, "ಬರ್ತೇನೆ ಜಲಜಕ್ಕ," ಎಂದು ಹೋದ.

ಅವನು ಹೋಗಿ ಸ್ವಲ್ಪ ಹೊತ್ತಿಗೆ ಸುದ್ದಿ ಬಂತು. ರಾತ್ರಿ ಹರಿನಾಥಯ್ಯನವರ ಕಾರಡ್ಕದ ಪತ್ತಾಯ ಒಡೆದು ಭತ್ತ ಹೊತ್ತುಕೊಂಡು ಹೋಗಿದ್ದಾರೆ. ಕಾವಲಿಗಿದ್ದ ಮುದುಕ ಚೆನ್ನಯ್ಯನ ತಲೆಗೆ ಹೊಡೆದಿದ್ದಾರೆ, ಪ್ರಜ್ಞೆಯಿಲ್ಲ. ಯಾರು ಮಾಡಿದ್ದೆಂದು ಗೊತ್ತಿಲ್ಲ. ಅಣ್ಣ ಕತ್ತರಿಯನ್ನು ಕೆಳಗಿಟ್ಟ.

"ಅಳೆದುಕೊಂಡು ಹೋಗುತ್ತಾರೆ ಎಂದು ಹೇಳಿದ್ದು ನಾನೇ ಅಲ್ಲವಾ ಜಲಜಾ?" ಎಂದ. "ನನ್ನ ಮಾತು ಕೇಳಿ ಹೋದವರಾ ಇದು ಮಾಡಿದ್ದು?"

ಮಧ್ಯಾಹ್ನಕ್ಕೆ ಪೊಲೀಸರು ಬಂದು ಅವನನ್ನು ಕರೆದುಕೊಂಡು ಹೋದರು. ಹೋಗುವಾಗ ಅವನ ಕಿವಿಯಲ್ಲಿ, "ಕೇಳಿದ್ದಕ್ಕೆ ಮಾತ್ರ ಹೇಳು. ಹೇಗಾದರೂ ಬದುಕಿ ಬಾ ಅಣ್ಣ, ನಮಗೆ ಬೇರೆ ಯಾರಿದ್ದಾರೆ?" ಎಂದೆ.

ಮಗಳನ್ನು ಚಾ ಹೋಟೆಲಿನವರ ಮನೆಯಲ್ಲಿ ಬಿಟ್ಟು, ಗಂಜಿಯ ಪಾತ್ರೆ ಹಿಡಿದು ಗೋಡೌನಿಗೆ ಹೋದೆ. ಒಳಗೆ ಬಿಡಲಿಲ್ಲ. ಕಿಟಕಿಯ ಕೆಳಗೆ ಜಗಲಿಯಲ್ಲಿ ಕೂತೆ. ಒಳಗಿನ ಮಾತೆಲ್ಲ ಕೇಳುತ್ತಿತ್ತು, ಎದ್ದು ನಿಂತರೆ ಕಾಣುತ್ತಲೂ ಇತ್ತು. ಗದರಿಸಿಯಾರು, ಹೊಡೆದಾರು ಎಂದು ಕಾದರೆ ಇನ್ಸ್‌ಪೆಕ್ಟರು ಬಹಳ ಮೆತ್ತಗೆ ಮಾತಾಡಿದರು. ಅದು ಇನ್ನೂ ಭಯ. ಅವರು ಕುಂದಾಪುರದ ಕಡೆಯವರು, ಕನ್ನಡ ಚೆನ್ನಾಗಿ ಬಲ್ಲವರು. ಹರಿನಾಥಯ್ಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು.

"ನಾನೂ ತಾಳಮದ್ದಳೆ ಕೇಳಿ ಬೆಳೆದವನೇ ಮಾರಾಯ," ಎಂದರು ಇನ್ಸ್‌ಪೆಕ್ಟರು. "ಪಾತ್ರದ ಬಾಯಿ ಕಟ್ಟಬೇಕೆಂದು ನನಗೇನೂ ಆಸೆಯಿಲ್ಲ. ಆದರೆ ನೀನು ಹೇಳಿದೆ, ವಾರದೊಳಗೆ ಹಾಗೆಯೇ ನಡೆಯಿತು. ಮಾತು ಪಾತ್ರದ್ದೆಂದೇ ಇಟ್ಟುಕೊಳ್ಳುವ. ಚೆನ್ನಯ್ಯನ ಒಡೆದ ತಲೆಗೆ ಹೊಣೆ ಯಾರು?"

ಅಣ್ಣ ಕೊರಳಲ್ಲೇ ಉಳಿದಿದ್ದ ಟೇಪನ್ನು ಬೆರಳಿಗೆ ಸುತ್ತತೊಡಗಿದ.

"ಅದು ಪಾತ್ರದ ಮಾತಾದರೆ ಮನೆಗೆ ಹೋಗು. ನಿನ್ನ ಮಾತಾದರೆ ನಾಳೆಯೇ ಜೈಲಿಗೆ ಕಳಿಸುತ್ತೇನೆ, ಯಾವಾಗ ಬಿಡುತ್ತಾರೋ ನನಗೂ ಗೊತ್ತಿಲ್ಲ. ಯಾವುದು ಹೇಳು."

"ಪಾತ್ರದ್ದು ಸ್ವಾಮಿ."

"ಹಾಗೆ ಎಲ್ಲರೂ ಹೇಳುತ್ತಾರೆ."

ಆಗ ಹರಿನಾಥಯ್ಯ ಕೆಮ್ಮಿದರು. "ನೋಡಿ ಇನ್ಸ್‌ಪೆಕ್ಟರೇ, ಪಾತ್ರದ ಮಾತೇ ಆದರೆ ಎದುರು ಪಾತ್ರವೂ ಅಷ್ಟೇ ಚೆನ್ನಾಗಿ ಬರಬೇಕಲ್ಲ? ಇವ ಅರಸನ ಅರ್ಥ ಹೇಳಲಿ, ದೂತನಾಗಿ ನಾನು ಕೂರುತ್ತೇನೆ. ನೆಲ ಕೊಡುವುದಿಲ್ಲ ಎಂದು ಇವನ ಬಾಯಿಂದ ಕೇಳುವ. ತಡವರಿಸಿದರೆ ಮನಸ್ಸು ಯಾವ ಕಡೆ ಉಂಟೆಂದು ಗೊತ್ತಾಯಿತಲ್ಲ."

ಇನ್ಸ್‌ಪೆಕ್ಟರು ನಕ್ಕು ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಭಾಗವತರಿಲ್ಲ, ಮದ್ದಳೆಯಿಲ್ಲ, ಗೋಡೆಗೆ ಬಂದೂಕು ಒರಗಿಸಿದ್ದಾರೆ. ಇಲ್ಲಿ ತಡವರಿಸಿದರೆ ಅಣ್ಣ ಇಲ್ಲ. ದೇವರೇ, ಇವತ್ತೊಂದು ದಿನ ಅವನ ಬಾಯಿ ನಡೆಯಲಿ ಎಂದು ಕೈಮುಗಿದೆ. ಇಷ್ಟು ವರ್ಷ ಅದು ನಿಲ್ಲಲಿ ಎಂದು ಬೇಡಿದವಳು ನಾನು.

ಹರಿನಾಥಯ್ಯ ಶುರು ಮಾಡಿದರು. "ಅರಸಾ, ಉತ್ತವನಿಗೆ ನೆಲದ ಮೇಲೆ ಹಕ್ಕುಂಟು, ಅವನ ಪಾಲು ಕೊಡು."

ಆಮೇಲೆ ಅಣ್ಣನ ದನಿ ಕೇಳಿತು, ನಿಧಾನಕ್ಕೆ, ಅರಸನ ಗತ್ತಿನಲ್ಲಿ.

"ಉತ್ತವನಿಗೆ ಎನ್ನುತ್ತೀಯಾ ದೂತ? ಹಾಗಾದರೆ ಮೊದಲ ಪಾಲು ಎತ್ತಿಗೆ ಕೊಡೋಣ. ನೇಗಿಲು ಎಳೆದದ್ದು ಅದು, ಬೆವರಿದ್ದೂ ಅದು. ಕರೆದು ಕೇಳು. ಎತ್ತು ಪಾಲು ಕೇಳುವುದಿಲ್ಲ. ಹುಲ್ಲು ಹಾಕಿದ ಕೈಯನ್ನು ನೆಕ್ಕುತ್ತದೆ, ಹಟ್ಟಿಗೆ ಹೋಗಿ ಮಲಗುತ್ತದೆ. ಎತ್ತಿಗೆ ಇರುವಷ್ಟು ವಿವೇಕ ನಿನ್ನನ್ನು ಕಳಿಸಿದವರಿಗೆ ಇಲ್ಲದೆ ಹೋಯಿತೇ?"

ಪೊಲೀಸರು ಗೊಳ್ಳೆಂದು ನಕ್ಕರು. ಅಣ್ಣ ನಿಲ್ಲಿಸಲಿಲ್ಲ. "ಇಂದು ಗದ್ದೆ ಹಂಚಿದರೆ ನಾಳೆ ಬಾವಿ ಹಂಚಬೇಕು, ನಾಡಿದ್ದು ಮನೆ. ಎಲ್ಲರೂ ಒಡೆಯರಾದ ಊರಲ್ಲಿ ಕಾಯುವವ ಯಾರು? ಕಳ್ಳ ಬಂದ ದಿನ ಯಾರ ಹೆಸರು ಹಿಡಿದು ಕೂಗುತ್ತೀರಿ?"

ಹರಿನಾಥಯ್ಯನವರಿಗೆ ದೂತನಾಗಿ ಒಂದು ಮಾತೂ ಹೊಳೆಯಲಿಲ್ಲ. ಅರಸನಾಗಿ ಸೋತವರು ಈಗ ದೂತನಾಗಿಯೂ ಸೋತರು. ಆದರೂ ಅವರ ಮುಖ ಅರಳಿತ್ತು, ತಮ್ಮ ಮನಸ್ಸಿನದ್ದನ್ನು ಅಷ್ಟು ಚಂದಕ್ಕೆ ಯಾರೂ ಹೇಳಿರಲಿಲ್ಲವಲ್ಲ. ಇನ್ಸ್‌ಪೆಕ್ಟರು ಮೇಜು ಬಡಿದರು. "ಭೇಷ್! ಇವನು ಯಾವ ಕಡೆಯವನೂ ಅಲ್ಲ ಸ್ವಾಮಿ, ಬರೀ ಅರ್ಥಧಾರಿ. ಹೋಗು ಭುಜಂಗ. ಇವನ ಬಾಯಿಂದ ಬಂದ ಮಾತು ಇವನದ್ದಲ್ಲ ಎಂದು ನಾನು ಬರೆದುಕೊಳ್ಳುತ್ತೇನೆ."

ನನ್ನ ಕಣ್ಣಲ್ಲಿ ನೀರು ಬಂತು. ಬದುಕಿದೆವು! ಅಣ್ಣ ಹೊರಗೆ ಬಂದ, ಬೆವರಿನಿಂದ ಅಂಗಿ ಬೆನ್ನಿಗಂಟಿತ್ತು. ಅವನ ತೋಳು ಹಿಡಿದುಕೊಂಡು ಗೋಡೌನಿನ ಮೂಲೆ ತಿರುಗಿದೆ.

ಅಡಿಕೆ ಒಣಗಿಸುವ ಹಿಂದಿನ ಅಂಗಳದಲ್ಲಿ ಪೊಲೀಸ್ ಲಾರಿ ನಿಂತಿತ್ತು. ಲಾರಿಯ ಪಕ್ಕದಲ್ಲಿ ಕೈ ಕಟ್ಟಿ ನಾಲ್ಕೈದು ಜನರನ್ನು ಕೂರಿಸಿದ್ದರು. ಎಲ್ಲರೂ ಹರಿನಾಥಯ್ಯನವರ ಒಕ್ಕಲುಗಳು, ಅಂದು ಮಂದಿರದಲ್ಲಿ ಚಪ್ಪಾಳೆ ಹೊಡೆದವರು. ಮುಂದಿದ್ದವನು ಕೂಸಪ್ಪ. ಅವನ ತಾಯಿ ಕಿನ್ನಿ ಬೇಲಿಯ ಹೊರಗೆ ನೆಲಕ್ಕೆ ಹಣೆ ಹಚ್ಚಿ ಅಳುತ್ತಿದ್ದಳು. ಗೋಡೌನಿನ ಹಿಂದಿನ ಕಿಟಕಿಗಳು ತೆರೆದೇ ಇದ್ದವು.

ಕೂಸಪ್ಪ ಅಣ್ಣನನ್ನು ನೋಡಿದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ, ಇದ್ದಿದ್ದರೆ ಒಳ್ಳೆಯದಿತ್ತು.

"ಎತ್ತಿನ ಮಾತು ಇಲ್ಲಿವರೆಗೆ ಕೇಳಿತು ಭುಜಂಗಣ್ಣ," ಎಂದ. "ಒಳ್ಳೆ ಇತ್ತು."

ಅಣ್ಣ ಅಲ್ಲೇ ನಿಂತ. ಕೂಸಪ್ಪ ಆ ರಾತ್ರಿ ನಮ್ಮ ಜಗಲಿಯಲ್ಲಿ ಮಲಗಿದ್ದ. ಅದನ್ನು ಹೇಳಿದರೆ ಅವನು ಉಳಿಯುತ್ತಾನೆ. ಆದರೆ ಹೇಳಿದರೆ, ಚಪ್ಪಾಳೆ ಹೊಡೆದವನನ್ನು ಮನೆಯಲ್ಲಿಟ್ಟು ಗಂಜಿ ಹಾಕಿದವರು ನಾವೆಂದಾಗುತ್ತದೆ, ಪಾತ್ರದ ಮಾತು ಎಂದದ್ದೆಲ್ಲ ನೀರಿಗೆ ಹೋಗುತ್ತದೆ. ನಾನು ಅವನ ಅಂಗಿ ಹಿಡಿದು ಎಳೆದೆ. "ಮನೆಗೆ ಹೋಗುವ ಅಣ್ಣ," ಎಂದೆ. ನನ್ನ ಕೈಯನ್ನು ಮೆಲ್ಲ ಬಿಡಿಸಿಕೊಂಡ, ಮೂಲೆ ತಿರುಗಿ ಒಳಗೆ ಹೋದ. ನಾನೂ ಹಿಂದೆಯೇ ಓಡಿದೆ. ಈ ಸಲ ಯಾರೂ ತಡೆಯಲಿಲ್ಲ.

"ಸ್ವಾಮಿ," ಎಂದ. "ಕೂಸಪ್ಪ ಅಲ್ಲಿ ಇರಲಿಲ್ಲ. ನಮ್ಮ ಜಗಲಿಯಲ್ಲಿ ಮಲಗಿದ್ದ. ಬೆಳಿಗ್ಗೆ ಹೋದದ್ದು."

ಅಷ್ಟೇ. ಗತ್ತಿಲ್ಲ, ರಾಗವಿಲ್ಲ. ಜೀವಮಾನದಲ್ಲಿ ಅಣ್ಣ ಅಷ್ಟು ಕೆಟ್ಟದಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ.

ಇನ್ಸ್‌ಪೆಕ್ಟರು ಚಾ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು, ಸಂತೋಷದಿಂದಲೇ ಕೇಳಿದರು. "ಇದು ಯಾರ ಅರ್ಥ ಭುಜಂಗ?"

"ಅರ್ಥ ಅಲ್ಲ ಸ್ವಾಮಿ. ನನ್ನ ಮಾತು. ನಾನೇ ಹೇಳುವುದು."

"ಆಗ ಅರಸನಾದೆ, ಈಗ ಒಕ್ಕಲುಗಳ ಬಂಧುವಾದೆ. ಗಂಟಲು ಸಹ ಬದಲಾಯಿಸಿದೆ ನೋಡು. ಹರಿನಾಥಯ್ಯನವರೇ, ಮಾತಿನಲ್ಲಿ ಇವನನ್ನು ಕಟ್ಟಿಹಾಕಲು ಸಾಧ್ಯವಿಲ್ಲ."

ನನಗೆ ತಡೆಯಲಾಗಲಿಲ್ಲ. "ಹೌದು ಸ್ವಾಮಿ, ನನ್ನ ಮಗಳ ಆಣೆ! ಗಂಜಿ ಬಡಿಸಿದವಳು ನಾನು, ಚಾಪೆ ಹಾಸಿದವಳು ನಾನು!"

"ಓಹೋ," ಎಂದು ಹರಿನಾಥಯ್ಯ ನಕ್ಕರು. "ತಂಗಿಗೂ ಕಲಿಸಿದ್ದಾನೆ."

ಎಲ್ಲರೂ ನಕ್ಕರು. ಹೊರಗೆ ಲಾರಿ ಹೊರಟ ಸದ್ದಾಯಿತು. ಅಣ್ಣ ರಸ್ತೆಗೆ ಓಡಿದ. ಧೂಳಿನ ಹಿಂದೆ ಓಡುತ್ತಾ, "ಅವನು ನಮ್ಮಲ್ಲಿದ್ದ! ಕೂಸಪ್ಪ ನಮ್ಮಲ್ಲಿದ್ದ!" ಎಂದು ಪೇಟೆಯುದ್ದಕ್ಕೂ ಕೂಗಿದ. ಬೀಡಿ ಕಟ್ಟುವವರು ತಲೆಯೆತ್ತಿ ನೋಡಿದರು. ಅವರಲ್ಲೊಬ್ಬ, "ಎಂಥ ಕಂಠ ಮಾರಾಯ!" ಎಂದದ್ದು ನನ್ನ ಕಿವಿಗೆ ಬಿತ್ತು.

ಚೆನ್ನಯ್ಯ ಬದುಕಿದ, ಒಂದು ಕಣ್ಣು ಹೋಯಿತು. ಅವನನ್ನು ಹೊಡೆದವರು ಯಾರೆಂದು ಯಾವತ್ತೂ ಗೊತ್ತಾಗಲಿಲ್ಲ. ಕೂಸಪ್ಪ ಜೈಲಿನಿಂದ ಬರುವಾಗ ಕಿನ್ನಿ ಸತ್ತು ವರ್ಷ ಕಳೆದಿತ್ತು. ಅಣ್ಣ ಮತ್ತೆ ತಾಳಮದ್ದಳೆಗೆ ಕೂರಲಿಲ್ಲ. ಯಾರೋ ಬಲವಂತ ಮಾಡಿದರೆ, ಗಂಟಲು ನೋವು ಎನ್ನುತ್ತಿದ್ದ. ಮನೆಯಲ್ಲೂ ಮಾತು ಕಡಿಮೆಯಾಯಿತು. ಬೈದರೆ ಎದುರು ಹೇಳುವವನಿಲ್ಲದೆ ನನ್ನ ಬೈಗುಳವೂ ಒಣಗಿತು. ಹೊಲಿಗೆ ಮಾತ್ರ ಬಹಳ ಚೆನ್ನಾಯಿತು, ಒಂದು ತೋಳೂ ಗಿಡ್ಡವಾಗುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಹರಿನಾಥಯ್ಯನವರು ಕೂಸಪ್ಪನನ್ನು ಗದ್ದೆಯಿಂದ ಎಬ್ಬಿಸಲು ಹೊರಟರು. ವ್ಯಾಜ್ಯ ಕಾಸರಗೋಡಿನ ಕೋರ್ಟಿಗೆ ಹೋಯಿತು. ತಾನು ತಲೆಮಾರಿನಿಂದ ಆ ಗದ್ದೆ ಉಳುತ್ತಿರುವವನು ಎಂದು ಹೇಳಲು ಕೂಸಪ್ಪನಿಗೆ ಸಾಕ್ಷಿ ಬೇಕಿತ್ತು. ಅವನು ಬಂದು ನಮ್ಮ ಜಗಲಿಯ ಮೇಲೆ ಕೂತ. ಕೂದಲು ನರೆತಿತ್ತು.

"ನೀವು ಬಂದು ಎರಡು ಮಾತು ಹೇಳಬೇಕು ಭುಜಂಗಣ್ಣ," ಎಂದ. "ನಿಮಗೆ ಎಲ್ಲ ಗೊತ್ತುಂಟು."

ಅಣ್ಣ ಮೆಷಿನು ನಿಲ್ಲಿಸಿದ.

"ನನ್ನನ್ನು ಕರೆಯಬೇಡ ಕೂಸಪ್ಪ," ಎಂದ. "ನೆಟ್ಟಗೆ ಮಾತಾಡಲು ಬಾರದ ಯಾರನ್ನಾದರೂ ಕರೆದುಕೊಂಡು ಹೋಗು. ಅವನನ್ನು ನಂಬುತ್ತಾರೆ."